ಹದಿನೇಳು ಕಿಲೋಮೀಟರ್ ಸಾಕು

1/10

ಮಗು ಜೊತೆ ಮೊದಲ ಸಲ ಸೈಕಲ್ಲಲ್ಲಿ ಹೋಗಿ, ಟೆಂಟ್ ಹಾಕಿ, ಒಂದು ರಾತ್ರಿ ಮಲಗಿ ಬರ್ತೀನಿ ಅನ್ನೋರಿಗೆ ನನ್ನ ಅಭಿಪ್ರಾಯ ಇಷ್ಟೇ: ದೂರ ಕಮ್ಮಿ ಮಾಡಿ. ಇನ್ನೂ ಕಮ್ಮಿ ಮಾಡಿ. ಬೇರೆಯವರಿಗೆ ಹೇಳೋಕೆ ನಾಚಿಕೆ ಆಗೋಷ್ಟು ಕಮ್ಮಿ ಮಾಡಿ.

ನಮ್ಮ ಪ್ಲಾನ್ ಹೀಗಿದೆ. ಹೊರಡೋರು ಮೂರು ಜನ. ನಾನು, ನನ್ನ ಕ್ಲಾಸ್‌ಮೇಟ್ ಒಬ್ಳು, ಅಕ್ಕನ ಮಗ. ಅವನಿಗೆ ಒಂಬತ್ತು ವರ್ಷ. ಮೈಸೂರಿನ ಬನ್ನಿಮಂಟಪದಿಂದ ಹೊರಟು ಶ್ರೀರಂಗಪಟ್ಟಣ ದಾಟಿದ ಮೇಲೆ ಅಮ್ಮನ ಚಿಕ್ಕಪ್ಪನ ತೋಟ ಇದೆ. ನಮಗೆಲ್ಲ ಅವರು 'ತೋಟದ ತಾತ'. ಅಲ್ಲಿಗೆ 17 ಕಿಲೋಮೀಟರ್. ಭಾನುವಾರ ಬೆಳಗ್ಗೆ ಹೋಗೋದು, ರಾತ್ರಿ ಟೆಂಟಲ್ಲಿ ಮಲಗೋದು, ಸೋಮವಾರ ರಜೆ ಇರೋದ್ರಿಂದ ಬೆಳಗ್ಗೆ ತಿಂಡಿ ತಿಂದು ವಾಪಸ್ ಬರೋದು. ಅಷ್ಟೇ.

ಕಳೆದ ವಾರ ಸ್ಟೋರಿಯಲ್ಲಿ ಇದನ್ನ ಹಾಕಿದಾಗ ಬಂದ ರಿಪ್ಲೈಗಳಲ್ಲಿ ಅರ್ಧದಷ್ಟು ನಗೋ ಎಮೋಜಿ. "ಇದಕ್ಕೆ ಕ್ಯಾಂಪಿಂಗ್ ಅಂತಾರಾ? ನಮ್ಮಪ್ಪ ಡೈರಿಗೆ ಹಾಲು ಹಾಕೋಕೆ ದಿನಾ ಇಷ್ಟು ತುಳೀತಿದ್ರು" ಅಂತ ಒಬ್ಬರು. ಇನ್ನರ್ಧ ಜನ "ಅಷ್ಟು ಚಿಕ್ಕ ಮಗೂನ ಕರ್ಕೊಂಡು ಹೋಗ್ತೀಯಾ? ತಲೆ ಕೆಟ್ಟಿದೆಯಾ?" ಅಂತ. ಎರಡೂ ಕಡೆಯವರಿಗೂ ಸೇರಿಸಿ ಉತ್ತರ ಬರೀತಿದೀನಿ. ಒಂದು ಕ್ಯಾಪ್ಷನ್‌ಗೆ ಹಿಡಿಸಲ್ಲ, ಅದಕ್ಕೇ ಹತ್ತು ಪೋಸ್ಟ್. ಪುರುಸೊತ್ತು ಇದ್ದಾಗ ಓದಿ.

ಹಾಲಿನವರ ಮಗನಿಗೆ ಮೊದಲು ಹೇಳ್ತೀನಿ. ನಿಮ್ಮಪ್ಪ ತುಳಿದದ್ದು ದೊಡ್ಡ ವಿಷಯಾನೇ. ಆದ್ರೆ ಅವರು ರಾತ್ರಿ ತಮ್ಮ ಮನೇಲಿ ತಮ್ಮ ಚಾಪೆ ಮೇಲೆ ಮಲಗ್ತಿದ್ರು. ನಮ್ಮ ಹುಡುಗನಿಗೆ ಹೊಸದು ಸೈಕಲ್ ಅಲ್ಲ, ರಾತ್ರಿ.

2/10

ಎಲ್ಲರೂ ಪ್ಲಾನ್ ಮಾಡೋದು ಹಗಲನ್ನ. ಎಷ್ಟು ಕಿಲೋಮೀಟರ್, ಎಲ್ಲಿ ಟೀ, ಎಲ್ಲಿ ಫೋಟೋ. ರಾತ್ರಿಗೆ ಮಾತ್ರ "ಟೆಂಟ್ ಇದೆಯಲ್ಲ" ಅಂತ ಬಿಟ್ಟುಬಿಡ್ತಾರೆ. ದೊಡ್ಡವರಿಗೆ ಅದು ನಡೆಯುತ್ತೆ. ಒಂದು ರಾತ್ರಿ ನಿದ್ದೆ ಕೆಟ್ರೆ ಮಾರನೇ ದಿನ ಆಕಳಿಸ್ಕೊಂಡಾದ್ರೂ ಸೈಕಲ್ ಹೊಡೀತೀವಿ. ಒಂಬತ್ತು ವರ್ಷದವನು ನಿದ್ದೆಗೆಟ್ಟು ಬೆಳಗ್ಗೆ ರಸ್ತೆಗಿಳಿದ್ರೆ ಬ್ರೇಕ್ ಹಿಡಿಯೋದು ಒಂದು ಕ್ಷಣ ತಡ ಆಗುತ್ತೆ. ಆ ಒಂದು ಕ್ಷಣದಲ್ಲಿ ಏನು ಬೇಕಾದ್ರೂ ಆಗಬಹುದು.

ಇನ್ನೊಂದು ವಿಷಯ, ಮ್ಯಾಪ್ ನೋಡಿದ್ರೂ ಸಾಮಾನ್ಯವಾಗಿ ಯಾರೂ ಗಮನಿಸಲ್ಲ. ಶ್ರೀರಂಗಪಟ್ಟಣ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಮೈಸೂರು ಸುಮಾರು 770. ಅಂದ್ರೆ ಹೋಗೋವಾಗ ಒಟ್ಟಾರೆ ಇಳಿಜಾರು, ಬರೋವಾಗ ಏರು. ಕಾರಲ್ಲಿ, ಬೈಕಲ್ಲಿ ಗೊತ್ತೇ ಆಗಲ್ಲ. ಗೇರಿಲ್ಲದ ಮಕ್ಕಳ ಸೈಕಲ್ಲಿಗೆ ಮೊಣಕಾಲಲ್ಲಿ ಗೊತ್ತಾಗುತ್ತೆ. ಹೋಗೋವಾಗ "ಅಯ್ಯೋ ಚಿಕ್ಕಿ, ಇಷ್ಟೇನಾ?" ಅಂತ ಹಾರಾಡೋ ಹುಡುಗನೇ ಬರೋವಾಗ "ಇನ್ನೂ ಎಷ್ಟಿದೆ?" ಅಂತ ಹತ್ತು ಸಲ ಕೇಳ್ತಾನೆ.

ಬಿಕಾಂ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ. ಕಾಸ್ಟಿಂಗ್ ಪೇಪರಲ್ಲಿ 'ಮಾರ್ಜಿನ್ ಆಫ್ ಸೇಫ್ಟಿ' ಅಂತ ಬರುತ್ತಲ್ಲ, ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನೋ ಬ್ರೇಕ್‌ಈವನ್ ಗೆರೆಗಿಂತ ನಮ್ಮ ಮಾರಾಟ ಎಷ್ಟು ಮೇಲಿದೆ ಅನ್ನೋ ಲೆಕ್ಕ. ಮಾರಾಟ ಬಿದ್ರೂ ಆ ಗೆರೆ ಮುಟ್ಟೋವರೆಗೂ ನಷ್ಟ ಇಲ್ಲ. ನಮ್ಮ ಹುಡುಗ ಒಂದೇ ದಿನ 25 ಕಿಲೋಮೀಟರ್ ಓಡಿಸಿದಾನೆ, ಲಿಂಗಾಂಬುಧಿ ಕೆರೆ ಕಡೆ ಸುತ್ತಾಡ್ಕೊಂಡು, ನಡುವೆ ಎರಡು ಐಸ್‌ಕ್ರೀಮ್ ತಿಂದು. ಆ 25 ಅವನ ಮಿತಿ. 17ಕ್ಕೂ 25ಕ್ಕೂ ನಡುವೆ ಇರೋ ಎಂಟು ಕಿಲೋಮೀಟರೇ ನನ್ನ ಮಾರ್ಜಿನ್. ಎದುರುಗಾಳಿ, ಪಂಚರ್, ಹೊಟ್ಟೆನೋವು, ಮುನಿಸು ಎಲ್ಲಾ ಆ ಎಂಟರಲ್ಲೇ ಹಿಡಿಸಬೇಕು. 25 ಓಡಿಸ್ತಾನೆ ಅಂತ 25ರ ಪ್ಲಾನ್ ಹಾಕಿದ್ರೆ ಕೈಯಲ್ಲಿ ಉಳಿಯೋದು ಸೊನ್ನೆ.

3/10

ಈಗ ಜಾಗದ ವಿಷಯ. ಇಲ್ಲಿ ಸ್ವಲ್ಪ ಜಗಳ ಆಡ್ತೀನಿ.

"ತೋಟದ ಮನೇಲಿ ಟೆಂಟ್ ಹಾಕೋದ್ರಲ್ಲಿ ಏನು ಮಜಾ? ಹೊಳೆ ದಡದಲ್ಲಿ ಹಾಕಿ, ಬೆಳಗ್ಗೆ ಟೆಂಟಿನ ಜಿಪ್ ತೆಗೆದ್ರೆ ಎದುರಿಗೆ ಕಾವೇರಿ ಕಾಣಬೇಕು" ಅಂತ ಡಿಎಂ ಮಾಡಿದ್ರು ಒಬ್ಬರು. ರೀಲ್ಸಲ್ಲಿ ಆ ಶಾಟ್ ನಾನೂ ನೋಡಿದೀನಿ. ಜಿಪ್ ತೆಗೆಯೋ ಸದ್ದು, ಮಂಜು, ನೀರು, ಹಿಂದೆ ಕೊಳಲು.

ಅದೇ ನೀರಲ್ಲಿ ಮೊಸಳೆ ಇದೆ. ರಂಗನತಿಟ್ಟಿಗೆ ಹೋಗಿ ದೋಣಿ ಹತ್ತಿದವರೆಲ್ಲ ಬಂಡೆ ಮೇಲೆ ಬಾಯಿ ತೆರ್ಕೊಂಡು ಮಲಗಿರೋ ಮೊಸಳೆ ಫೋಟೋ ಹಾಕ್ತಾರೆ. ಆ ಮೊಸಳೆಗೆ ಪಕ್ಷಿಧಾಮದ ಗಡಿ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿರುತ್ತಾ? ಮೇಲೆ ಕೆಆರ್‌ಎಸ್‌ನಿಂದ ನೀರು ಬಿಟ್ರೆ ಕೆಳಗೆ ಹೊಳೆ ಏರುತ್ತೆ. ಬಲಮುರಿ, ಸಂಗಮದ ಕಡೆ ಈಜೋಕೆ ಇಳಿದು ವಾಪಸ್ ಬಾರದವರ ಸುದ್ದಿ ಓದಿ ಓದಿ ನಮಗೆ ಅಭ್ಯಾಸ ಆಗಿಹೋಗಿದೆ. ಪೇಪರಲ್ಲಿ ಒಳಪುಟದ ಸಣ್ಣ ಸುದ್ದಿ ಅದು, ಹೆಚ್ಚಾಗಿ ನನ್ನ ವಯಸ್ಸಿನವರದ್ದೇ.

ಹೊಳೆ ಬೇಡ, ಬೆಟ್ಟ? ಚಾಮುಂಡಿ ಬೆಟ್ಟ ಮೀಸಲು ಅರಣ್ಯ. ಅಲ್ಲಷ್ಟೇ ಅಲ್ಲ, ಅರಣ್ಯ ಇಲಾಖೆ ಜಾಗ ಎಲ್ಲಿದ್ರೂ ಅನುಮತಿ ಇಲ್ಲದೆ ರಾತ್ರಿ ತಂಗೋ ಹಾಗಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವೀಡಿಯೊ ನೀವೂ ನೋಡಿರ್ತೀರ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಸ್ವಲ್ಪ ಕಾಲ ನಿಲ್ಲಿಸ್ತು. ಒಬ್ಬರು ಹಾಕಿದ ಚೆಂದದ ರೀಲ್ ನೋಡಿ ಸಾವಿರ ಜನ ಹೊರಟ್ರೆ ಆಗೋದು ಹೀಗೇ.

ದೊಡ್ಡವರು ತಮ್ಮ ಜೀವ ಒತ್ತೆ ಇಟ್ಟು ಏನಾದ್ರೂ ಮಾಡ್ಕೊಳ್ಳಲಿ. ಅಕ್ಕ ನನ್ನ ಕೈಗೆ ಕೊಟ್ಟು ಕಳಿಸೋ ಮಗು ಅದು. ಆ ಮಗುವಿನ ಜೀವ ಒತ್ತೆ ಇಡೋಕೆ ನನಗೆ ಹಕ್ಕಿಲ್ಲ.

4/10

ಚಿರತೆ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಯಾಕಂದ್ರೆ "ಅದೆಲ್ಲಾ ಕಾಡಲ್ಲಿ" ಅಂತ ಇನ್ನೂ ಅಂದ್ಕೊಂಡಿರೋರು ಇದಾರೆ.

2022ರ ನವೆಂಬರಲ್ಲಿ ಕೆಆರ್‌ಎಸ್ ಬೃಂದಾವನ ಗಾರ್ಡನ್‌ನ ಚಿರತೆ ಕಾಣಿಸ್ಕೊಂಡಿದ್ದಕ್ಕೆ ಮುಚ್ಚಿದ್ರು. ಬಣ್ಣಬಣ್ಣದ ಕಾರಂಜಿ ಇರೋ ಜಾಗ ಅದು, ಕಾಡಲ್ಲ. ಅದೇ ಹೊತ್ತಿಗೆ, 2022ರ ಕೊನೆ ಮತ್ತು 2023ರ ಜನವರಿ ನಡುವೆ, ಟಿ. ನರಸೀಪುರ ತಾಲ್ಲೂಕಲ್ಲಿ ಚಿರತೆ ದಾಳಿಗೆ ನಾಲ್ಕು ಜನ ಸತ್ರು. ಅವರಲ್ಲಿ ಒಬ್ಬ ಹನ್ನೊಂದು ವರ್ಷದ ಹುಡುಗ. ನಮ್ಮವನಿಗಿಂತ ಎರಡೇ ವರ್ಷ ದೊಡ್ಡವನು. ಕಬ್ಬು ಎತ್ತರ ಬೆಳೆದ ಮೇಲೆ ಚಿರತೆಗೆ ಅದೂ ಕಾಡೇ, ಮರಿ ಹಾಕೋಕೂ ಅಲ್ಲೇ ಬರುತ್ತೆ. ನಮ್ಮ ಕಡೆ ಕಬ್ಬಿಲ್ಲದ ಊರು ಯಾವುದು ಹೇಳಿ.

ಅದಕ್ಕೇ ಜಾಗ ಆರಿಸೋದು ತಾತನ ಕೈಗೇ ಬಿಟ್ಟೆ. ಫೋನ್ ಮಾಡಿ ಮೂರೇ ಪ್ರಶ್ನೆ ಕೇಳ್ದೆ. ಈ ವರ್ಷ ಸುತ್ತಮುತ್ತ ಚಿರತೆ ಕಂಡಿದ್ದಾರಾ? ಪಕ್ಕದ ಗದ್ದೆಯಲ್ಲಿ ಏನು ಬೆಳೆ ಇದೆ? ರಾತ್ರಿ ನಾಯಿ ಬಿಡ್ತೀರಾ, ಕಟ್ತೀರಾ? ತಾತ ಮೊದಲು ನಕ್ಕರು. ಆಮೇಲೆ ಗಂಭೀರವಾಗಿ ಒಂದೊಂದೇ ಹೇಳಿದ್ರು. ಪಕ್ಕದಲ್ಲಿ ಕಬ್ಬಿತ್ತು, ಕಟಾವಾಗಿದೆ, ಈಗ ಬಯಲು. ಎರಡು ವರ್ಷದ ಹಿಂದೆ ಹೆಜ್ಜೆ ಕಂಡಿತ್ತು, ಈಚೆಗಿಲ್ಲ. ನಾಯಿ ಬಿಟ್ಟೇ ಇರುತ್ತೆ, "ಆದ್ರೆ ಅದು ಮಲಗೋದು ನನಗಿಂತ ಮುಂಚೆ."

ಟೆಂಟ್ ಹಾಕೋದು ಮನೆ ಮುಂದಿನ ಕಣದಲ್ಲಿ. ಜಗಲಿಯ ಲೈಟ್ ಅಲ್ಲಿಗೆ ಬೀಳುತ್ತೆ. ತೆಂಗಿನ ಮರದ ಕೆಳಗೆ ನೆರಳಿದೆ ಅಂತ ಅಪ್ಪಿತಪ್ಪಿಯೂ ಹಾಕಬೇಡಿ. ಒಂದು ಕಾಯಿ, ಅಥವಾ ಒಣಗಿದ ಒಂದು ಗರಿ ಸಾಕು. ತೋಟದಲ್ಲಿ ಇನ್ನೆರಡು ಅಪಾಯ ಇವೆ, ಸಿಟಿ ಮಕ್ಕಳಿಗೆ ಗೊತ್ತೇ ಇರಲ್ಲ. ಒಂದು ಕಟ್ಟೆ ಇಲ್ಲದ ಬಾವಿ. ಇನ್ನೊಂದು ಪಂಪ್‌ಸೆಟ್ ವೈರು. ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುತ್ತೆ, ಹಗಲು ಸತ್ತಂತಿದ್ದ ಸ್ಟಾರ್ಟರ್ ಡಬ್ಬಕ್ಕೆ ಆಗ ಜೀವ ಬಂದಿರುತ್ತೆ. ತಲುಪಿದ ತಕ್ಷಣ, ನೀರು ಕುಡಿಯೋಕೂ ಮುಂಚೆ, ತಾತನ ಜೊತೆ ಹುಡುಗನ್ನ ಒಂದು ಸುತ್ತು ಹಾಕಿಸಿ "ಇಲ್ಲಿವರೆಗೆ ನಿನ್ನ ಜಾಗ, ಅಲ್ಲಿಂದಾಚೆ ಅಲ್ಲ" ಅಂತ ತೋರಿಸ್ತೀವಿ.

5/10

ರಸ್ತೆ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡಲ್ಲ. ಸೈಕಲ್ಲೂ ಆ ಪಟ್ಟಿಯಲ್ಲಿದೆ. ಒಳ್ಳೇದೇ ಆಯ್ತು ಅನ್ಸುತ್ತೆ ನನಗೆ, ಆ ವೇಗದ ಪಕ್ಕ ಮಗು ಓಡಿಸೋ ಮಾತೇ ಬೇಡ. ಆದ್ರೆ ಸರ್ವಿಸ್ ರಸ್ತೆ, ಹಳ್ಳಿ ರಸ್ತೆ ಸೇರಿಸ್ಕೊಂಡು ದಾರಿ ನಾವೇ ಹೊಲಿಯಬೇಕು. ಮ್ಯಾಪಲ್ಲಿ ಸೇರಿರೋ ಗೆರೆ ನೆಲದ ಮೇಲೂ ಸೇರಿರುತ್ತೆ ಅಂತ ನಂಬಬೇಡಿ. ನಾನು ಹಿಂದಿನ ಭಾನುವಾರ ಒಬ್ಳೇ ಹೋಗಿ ಬಂದೆ, ಅದೇ ಹೊತ್ತಿಗೆ ಹೊರಟು, ಬೇಕಂತಲೇ ಮಗುವಿನ ವೇಗದಲ್ಲಿ. ಗಂಟೆಗೆ ಎಂಟೊಂಬತ್ತು ಕಿಲೋಮೀಟರಿಗಿಂತ ಜಾಸ್ತಿ ಇಲ್ಲ. ಎಲ್ಲಿ ಇಳಿದು ತಳ್ಕೊಂಡು ದಾಟಬೇಕು, ಎಲ್ಲಿ ನಾಯಿಗಳ ಗುಂಪಿದೆ, ಎಲ್ಲಿ ಕೂರೋಕೆ ಅರಳಿಕಟ್ಟೆ ಇದೆ, ಎಲ್ಲಾ ಒಂದು ಹಾಳೆಯಲ್ಲಿ ಬರ್ಕೊಂಡೆ. ಆ ಹಾಳೇನೇ ಈ ಪೋಸ್ಟಿನ ಫೋಟೋ. ಅಕ್ಷರಕ್ಕೆ ಕ್ಷಮೆ ಇರಲಿ.

ನಾಲೆ ಏರಿ ಮೇಲೆ ಹೋಗಿ ಅಂತ ತುಂಬಾ ಜನ ಸಲಹೆ ಕೊಟ್ರು. ನಿಜ, ನಾಲೆ ಏರಿಗಿಂತ ಸುಖವಾದ ಸೈಕಲ್ ದಾರಿ ನಮ್ಮ ಕಡೆ ಇಲ್ಲ. ಮಟ್ಟಸ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ನಾನೇ ಹೋಗ್ತಿರ್ತೀನಿ. ಆದ್ರೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಬಸ್ಸೇ ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದ್ರು, ಸ್ಕೂಲಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ರು. ನಾನಾಗ ಹೈಸ್ಕೂಲು, ಆ ದಿನ ಮನೇಲಿ ಟಿವಿ ಆರಿಸ್ಲೇ ಇಲ್ಲ. ಮಗು ಹಕ್ಕಿ ನೋಡ್ತಾ ಹ್ಯಾಂಡಲ್ ಒಂದು ಚೂರು ತಿರುಗಿಸಿದ್ರೆ? ಬೇಡ. ಒಂದೆರಡು ಕಿಲೋಮೀಟರ್ ಸುತ್ತಾದ್ರೂ ಊರೊಳಗಿನ ರಸ್ತೆಯೇ ಆಗಲಿ.

ಸಾಲು ಹೀಗೆ: ಮುಂದೆ ನನ್ನ ಕ್ಲಾಸ್‌ಮೇಟ್, ನಡುವೆ ಹುಡುಗ, ಹಿಂದೆ ನಾನು, ಅವನಿಗಿಂತ ಒಂದು ಅಡಿ ಬಲಕ್ಕೆ. ಹಿಂದಿಂದ ಬರೋ ಗಾಡಿಯವನಿಗೆ ಮೊದಲು ನಾನು ಕಾಣಬೇಕು. ಜೊತೆಗೆ ಇರೋದು ಒಬ್ಬರೇ ದೊಡ್ಡವರಾದ್ರೆ ಅವರು ಹಿಂದೆಯೇ ಇರಲಿ. ಮುಂದೆ ಹೋದ್ರೆ ಮಗು ಕಣ್ಣಿಗೇ ಬೀಳಲ್ಲ.

6/10

ಸಾಮಾನಿನ ಬಗ್ಗೆ ಬೇಗ ಮುಗಿಸ್ತೀನಿ, ಯಾಕಂದ್ರೆ ಇದಕ್ಕೆ ಬೇಕಾದಷ್ಟು ಚಾನೆಲ್ ಇವೆ, ಎಲ್ಲಾ ಏನಾದ್ರೂ ಕೊಳ್ಳಿ ಅಂತಲೇ ಹೇಳ್ತವೆ.

ನನ್ನ ಸೈಕಲ್ 8ನೇ ಕ್ಲಾಸಲ್ಲಿ ಸರ್ಕಾರ ಕೊಟ್ಟಿದ್ದು. ಹೌದು, ಅದೇ, ಮುಂದೆ ಬುಟ್ಟಿ ಇರೋದು. ಚೈನ್, ಟೈರ್, ಬ್ರೇಕ್ ಕಟ್ಟೆ ಬದಲಾಗಿವೆ, ಉಳಿದದ್ದು ಗಟ್ಟಿಯಾಗಿದೆ. ಹಿಂದೆ ಕ್ಯಾರಿಯರ್ ಇದೆ, ಅದಕ್ಕಿಂತ ಇನ್ನೇನು ಬೇಕು? ಗೇರ್ ಸೈಕಲ್‌ನವರು ಕ್ಯಾರಿಯರ್ ಬೇಕು ಅಂದ್ರೆ ಬೇರೆ ದುಡ್ಡು ಕೊಟ್ಟು ಹಾಕಿಸ್ಕೊತಾರೆ. ಕಟ್ಟೋಕೆ ಹಳೇ ಟ್ಯೂಬಿನ ಪಟ್ಟಿ, ಸೈಕಲ್ ಶಾಪಲ್ಲಿ ಕೇಳಿದ್ರೆ ಸುಮ್ನೆ ಕೊಡ್ತಾರೆ. ಹಾಲಿನ ಕ್ಯಾನನ್ನೇ ಅಲ್ಲಾಡದ ಹಾಗೆ ಹಿಡಿಯೋ ಟ್ಯೂಬು ಒಂದು ಟೆಂಟನ್ನ ಹಿಡಿಯಲ್ವಾ? ಪಟ್ಟಿಯ ತುದಿ ಮಾತ್ರ ಚಕ್ರದ ಕಡ್ಡಿಗೆ ನೇತಾಡದ ಹಾಗೆ ಒಳಗೆ ಸಿಕ್ಕಿಸಿ.

ಟೆಂಟ್ ಬಾಡಿಗೆಗೆ. ಇಷ್ಟ ಆಗುತ್ತೋ ಇಲ್ವೋ ಅಂತ ಗೊತ್ತಾಗೋ ಮುಂಚೆ ಎರಡು ಮೂರು ಸಾವಿರ ಹಾಕಿ ಕೊಂಡು ಅಟ್ಟದ ಮೇಲೆ ಇಡೋದು ಬೇಡ. ಅಡುಗೆ ಇಲ್ಲ. ಸ್ಟವ್ ಇಲ್ಲ, ಬೆಂಕಿಯೂ ಇಲ್ಲ. ಟೆಂಟ್ ಒಳಗಂತೂ ಮೇಣದ ಬತ್ತಿ, ಸೊಳ್ಳೆ ಬತ್ತಿ ಎರಡೂ ಹಚ್ಚೋ ಹಾಗಿಲ್ಲ. ದಾರಿಗೆ ಚಪಾತಿ, ಚಟ್ನಿಪುಡಿ, ಬಾಳೆಹಣ್ಣು. ರಾತ್ರಿಗೆ ಅಜ್ಜಿ ಮುದ್ದೆ ಬಸ್ಸಾರು ಮಾಡ್ತೀನಿ ಅಂದಿದಾರೆ. "ಕ್ಯಾಂಪಿಂಗ್ ಅಂದ್ರೆ ನಾವೇ ಅಡುಗೆ ಮಾಡ್ಬೇಕು ಅಜ್ಜಿ" ಅಂತ ಹೇಳೋಷ್ಟು ಧೈರ್ಯ ನನಗಿಲ್ಲ, ಬಸ್ಸಾರು ಬಿಡೋಷ್ಟು ದಡ್ಡತನವೂ ಇಲ್ಲ.

ಹುಡುಗನ ಸೈಕಲ್ ಮೇಲೆ ನೀರಿನ ಬಾಟಲ್ ಬಿಟ್ಟು ಬೇರೇನೂ ಇರಲ್ಲ. ಹೆಲ್ಮೆಟ್ ಮೂವರಿಗೂ ಇರುತ್ತೆ. ದೊಡ್ಡವರು ಹಾಕದೆ ಮಗುವಿಗೆ ಮಾತ್ರ ಹಾಕಿಸಿದ್ರೆ ಎರಡನೇ ಕಿಲೋಮೀಟರಿಗೇ ಅದು ಹ್ಯಾಂಡಲ್ಲಿಗೆ ಬಂದಿರುತ್ತೆ.

7/10

ರಿಹರ್ಸಲ್ ಇಲ್ಲದೆ ಹೋಗಬೇಡಿ ಅಂತ ನಾನು ಹಟ ಹಿಡಿದು ಹೇಳ್ತೀನಿ. ನಾವು ಮಾಡಿದ್ದು ತಾರಸಿ ಮೇಲೆ.

ಎರಡು ವಾರದ ಹಿಂದೆ ಶನಿವಾರ ರಾತ್ರಿ ನೀರಿನ ಟ್ಯಾಂಕ್ ಪಕ್ಕ ಟೆಂಟ್ ಹಾಕಿ ಮಲಗಿದ್ವಿ. ತಾರಸಿ ಮೇಲೆ ಗೂಟ ಹೊಡೆಯೋಕೆ ಆಗಲ್ಲ, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ವಿ. ಹತ್ತು ಗಂಟೆವರೆಗೂ ಟಾರ್ಚಲ್ಲಿ ನಾಯಿ, ಮೊಲ, ಡೈನೋಸಾರ್ ನೆರಳಾಟ. ಹನ್ನೊಂದಕ್ಕೆ ನಿದ್ದೆ. ಎರಡು ಗಂಟೆ ಹೊತ್ತಿಗೆ ಎದ್ದು ಕೂತ. ಅಳಲಿಲ್ಲ. "ಚಿಕ್ಕಿ, ಅಮ್ಮ ಕೆಳಗೇ ಇದಾರಲ್ವಾ?" ಅಂದ. ಇದಾರೆ ಅಂದೆ. "ಅಲ್ಲಿ ತೋಟದಲ್ಲಿ ಇರಲ್ಲ ಅಲ್ವಾ?" ಅಂದ.

ಇದನ್ನ ಹಗಲಲ್ಲಿ ಅವನು ಯಾವತ್ತೂ ಕೇಳಿರಲಿಲ್ಲ. ಹಗಲಲ್ಲಿ ಕೇಳಿದ್ದೆಲ್ಲಾ ತೋಟದಲ್ಲಿ ಕ್ರಿಕೆಟ್ ಆಡೋಕೆ ಜಾಗ ಇದೆಯಾ ಅಂತ. ಮಗುವಿನ ನಿಜವಾದ ಪ್ರಶ್ನೆ ಬರೋದು ರಾತ್ರಿ ಎರಡು ಗಂಟೆಗೆ, ಅದು ಮೊದಲ ಸಲ ಹೊರಬೀಳೋದು ಮನೆ ತಾರಸಿ ಮೇಲೆ ಆದ್ರೆ ಚೆಂದ, ಊರಾಚೆ ಅಲ್ಲ. ಕೆಳಗೆ ಕರ್ಕೊಂಡು ಹೋಗ್ಲಾ ಅಂತ ಕೇಳ್ದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಬೇಡ ಅಂದು ಮಲಗಿದ, ನನ್ನ ಟೀ ಶರ್ಟಿನ ತುದಿ ಹಿಡ್ಕೊಂಡು.

ಅದೇ ರಾತ್ರಿ ಗೊತ್ತಾದ ಇನ್ನಷ್ಟು: ಡಿಸೆಂಬರ್ ಬೆಳಗಿನ ಜಾವ ಒಂದು ಹೊದಿಕೆ ಸಾಲಲ್ಲ, ಚಳಿ ಬರೋದು ಮೇಲಿಂದಲ್ಲ, ನೆಲದಿಂದ. ಅಡಿಗೆ ಚಾಪೆ, ಅದರ ಮೇಲೆ ದಪ್ಪ ಕಂಬಳಿ ಬೇಕು. ಟೆಂಟ್ ಜಿಪ್ ಪೂರ್ತಿ ಮುಚ್ಚೋದು ಅಭ್ಯಾಸ ಆಗಬೇಕು. "ಒಂಚೂರು ಗಾಳಿ ಬರ್ಲಿ" ಅಂತ ತೆರೆದಿಡೋ ಆ ಒಂಚೂರು ಸಂದಿ ಕಟ್ಟುಹಾವಿಗೆ ಸಾಕು. ಅದು ರಾತ್ರಿ ಓಡಾಡೋ ಹಾವು, ನೆಲದ ಮೇಲೆ ಮಲಗಿದವರನ್ನ ಕಚ್ಚಿದ್ರೆ ಎಷ್ಟೋ ಸಲ ನೋವೇ ಗೊತ್ತಾಗಲ್ಲ. ಶೂ, ಚಪ್ಪಲಿ ಟೆಂಟ್ ಒಳಗೇ, ಕವರಲ್ಲಿ. ಬೆಳಗ್ಗೆ ಕೊಡವಿ ಹಾಕೋದು. ರಾತ್ರಿ ಒಂದಕ್ಕೆ ಎದ್ರೆ ಒಬ್ಬನೇ ಹೋಗೋ ಹಾಗಿಲ್ಲ, ನನ್ನ ಎಬ್ಬಿಸಬೇಕು, ಟಾರ್ಚ್ ನೆಲಕ್ಕೆ ಬಿಟ್ಕೊಂಡು ಹೋಗಬೇಕು. ತಾರಸಿ ಮೇಲೂ ಹಾಗೇ ಮಾಡಿದ್ವಿ. ಪಕ್ಕದ ಮನೆ ಆಂಟಿ ಬೆಳಗ್ಗೆ "ರಾತ್ರಿ ಕಳ್ಳರೇನೋ ಅಂದ್ಕೊಂಡೆ ಕಣೇ" ಅಂದ್ರು.

8/10

ಇನ್ನು ಮಗುವಿನ ಮಾತಿಗೆ ಎಷ್ಟು ಬೆಲೆ ಅನ್ನೋದು. ನನ್ನ ಪ್ರಕಾರ ಇಡೀ ಪ್ಲಾನಲ್ಲಿ ಮುಖ್ಯವಾದದ್ದು ಇದೇ.

ನಾವು ಮೂರೂ ಜನ ಕೂತು ಒಂದು ಒಪ್ಪಂದ ಮಾಡ್ಕೊಂಡಿದೀವಿ. ದಾರಿಯಲ್ಲಿ ಅವನು "ಸಾಕು" ಅಂದ್ರೆ ಹತ್ತು ನಿಮಿಷ ನಿಲ್ಲೋದು, ಏನಾದ್ರೂ ತಿನ್ನೋದು, ಮತ್ತೆ ಕೇಳೋದು. ಎರಡನೇ ಸಲವೂ "ಸಾಕು" ಅಂದ್ರೆ ಮುಗೀತು, ವಾಪಸ್. "ಇನ್ನೇನು ಬಂದೇಬಿಡ್ತು" ಅನ್ನೋ ಸುಳ್ಳು ಹೇಳೋ ಹಾಗಿಲ್ಲ. ಗೂಡ್ಸ್ ಆಟೋ ಇಟ್ಟಿರೋ ಅಣ್ಣ ಒಬ್ಬರ ನಂಬರ್ ಇದೆ, ಭಾನುವಾರ ಬರ್ತೀರಾ ಅಂತ ಮೊದಲೇ ಕೇಳಿಟ್ಟಿದೀನಿ. ಮೂರು ಸೈಕಲ್ ಹಿಂದೆ ಹಾಕಿದ್ರೆ ಅರ್ಧ ಗಂಟೆಯಲ್ಲಿ ಮನೆ. ಅದಕ್ಕೆ ಬೇಕಾದ ದುಡ್ಡು ಬೇರೆ ಪರ್ಸಲ್ಲಿದೆ, ಬೇರೆ ಯಾವುದಕ್ಕೂ ಮುಟ್ಟಲ್ಲ.

ರಾತ್ರಿ ಒಂಬತ್ತರ ಒಳಗೆ ಮನೆಗೆ ಹೋಗ್ಬೇಕು ಅಂದ್ರೆ ಭಾವ ಬಂದು ಕರ್ಕೊಂಡು ಹೋಗ್ತಾರೆ, 17 ಕಿಲೋಮೀಟರ್ ತಾನೇ. ದೂರ ಕಮ್ಮಿ ಇಡಿ ಅಂತ ಮೊದಲನೇ ಪೋಸ್ಟಿಂದ ಬಾಯಿ ಬಡ್ಕೊತಿರೋದು ಇದಕ್ಕೇ. ಅಪ್ಪ ಅರ್ಧ ಗಂಟೆ ದೂರದಲ್ಲಿದಾರೆ ಅನ್ನೋದು ಗೊತ್ತಿದ್ರೆ ಮಗು ಅಪ್ಪನ್ನ ಕರೆಯೋ ಸಾಧ್ಯತೆಯೇ ಕಮ್ಮಿ ಅಂತ ನನ್ನ ಅಂದಾಜು. ಒಂಬತ್ತಾದ ಮೇಲೆ ಹೆದರಿಕೆ ಆದ್ರೆ ಟೆಂಟ್ ಬಿಟ್ಟು ಮನೆಯೊಳಗೆ ಅಜ್ಜಿ ಪಕ್ಕ ಹಾಸಿಗೆ. ಆಗ "ಅಯ್ಯೋ ಸೋತುಬಿಟ್ಟ" ಅಂತ ಯಾರೂ ನಗೋ ಹಾಗಿಲ್ಲ, ತಾತನಿಗೂ ಹೇಳಿದೀನಿ. ತಾತ ನಗ್ತಾರೆ, ಗೊತ್ತು, ಆದ್ರೂ ಹೇಳಿದೀನಿ.

ದೊಡ್ಡವರು ಮುಂದುವರಿಯೋದು ಎಷ್ಟೋ ಸಲ ದುಡ್ಡು ಹಾಕಿಬಿಟ್ಟಿದೀವಿ, ರಜೆ ಹಾಕಿಬಿಟ್ಟಿದೀವಿ, ಎಲ್ಲರಿಗೂ ಹೇಳಿಬಿಟ್ಟಿದೀವಿ ಅಂತ. ಮುಳುಗಿದ ದುಡ್ಡನ್ನ ಮುಂದಿನ ತೀರ್ಮಾನಕ್ಕೆ ಸೇರಿಸಬಾರದು ಅಂತ ನಮಗೆ ಕ್ಲಾಸಲ್ಲಿ ಬರೆಸ್ತಾರೆ, ಪರೀಕ್ಷೆಯಲ್ಲಿ ಬರೀತೀವಿ ಕೂಡ. ಟೆಂಟ್ ಬಾಡಿಗೆ 500 ಹೋದ್ರೆ ಹೋಗ್ಲಿ. ಈ ಸಲ ಬಲವಂತ ಮಾಡಿ ಉಳಿಸ್ಕೊಂಡ್ರೆ ಇನ್ನೊಂದು ಸಲ ಕರೆದಾಗ ಅವನು ಬರಲ್ಲ.

ಫೋನಲ್ಲಿ 108, 112 ಎಲ್ಲರಿಗೂ ಗೊತ್ತು. ಅದರ ಜೊತೆ ಹತ್ತಿರದ ತಾಲ್ಲೂಕು ಆಸ್ಪತ್ರೆ ಎಷ್ಟು ದೂರ, ರಾತ್ರಿ ಕರ್ಕೊಂಡು ಹೋಗೋಕೆ ಯಾರ ಮನೇಲಿ ಕಾರಿದೆ ಅನ್ನೋದನ್ನ ಕೇಳಿಟ್ಕೊಳ್ಳಿ. ಹಾವು ಕಚ್ಚಿದ್ರೆ ಕುಯ್ಯೋದು, ಕಟ್ಟೋದು, ಮಂತ್ರ ಹಾಕ್ಸೋದು ಯಾವುದೂ ಬೇಡ, ನೇರ ಆಸ್ಪತ್ರೆ.

9/10

"ಮಗೂನ ಯಾಕೆ ಕರ್ಕೊಂಡು ಹೋಗ್ತೀಯಾ" ಅನ್ನೋ ಕಡೆಯವರಿಗೆ ಈಗ. ಇಷ್ಟೊಂದು ಅಪಾಯ ನೀನೇ ಬರೆದಿದೀಯಲ್ಲ, ಸುಮ್ನೆ ಮನೇಲಿರಬಾರದಾ ಅಂತೀರ.

ನಮ್ಮ ಹುಡುಗ ಸೈಕಲ್ ಹೊಡೆಯೋದು ನಮ್ಮ ಕ್ರಾಸಿನ ಈ ತುದಿಯಿಂದ ಆ ತುದಿಗೆ. ಮೂಲೆ ದಾಟಿದ್ರೆ ಯಾರಾದ್ರೂ ಕೂಗ್ತಾರೆ. ಲಿಂಗಾಂಬುಧಿಗೆ ಹೋದದ್ದೂ ನನ್ನ ಜೊತೆಗೇ, ವರ್ಷಕ್ಕೆ ಒಂದೆರಡು ಸಲ. ಈ ರಾಜ್ಯದಲ್ಲೇ 2006-07ರಿಂದ ಎಷ್ಟೋ ವರ್ಷ 8ನೇ ಕ್ಲಾಸಿನ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಟ್ಟಿದ್ದು, ಹಳ್ಳಿಯಿಂದ ಹಳ್ಳಿಗೆ ಓಡಿಸ್ಕೊಂಡು ಹೋಗಿ ಓದಲಿ ಅಂತ. ನಾನು ಆ ಸೈಕಲ್ ಮೇಲೆ ಹೋದದ್ದರಿಂದಲೇ ರಸ್ತೆ ಅಂದ್ರೆ ಏನು ಅಂತ ಗೊತ್ತಾಯ್ತು. ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಡಿಸಬಾರದು, ಇಳಿದು ಸೈಕಲ್ಲನ್ನ ನಡುವೆ ಇಟ್ಕೊಂಡು ನಡೀಬೇಕು ಅಂತ ಯಾರೋ ಪುಸ್ತಕ ಕೊಟ್ಟು ಕಲಿಸಲಿಲ್ಲ. ನಮ್ಮ ಹುಡುಗನಿಗೆ ಹದಿಮೂರಾದಾಗ ಒಂದು ದಿನ ಇದ್ದಕ್ಕಿದ್ದ ಹಾಗೆ ಇದೆಲ್ಲಾ ಬಂದುಬಿಡುತ್ತಾ? ಹದಿನೆಂಟಾದಾಗ ಗೆಳೆಯರ ಜೊತೆ ಹೊಳೆಗೆ ಹೋಗ್ತಾನೆ, ನಾನು ನೀವು ಬೇಡ ಅಂದ್ರೂ ಹೋಗ್ತಾನೆ. ನೀರು ನೋಡಿ ಯಾವಾಗ ಹಿಂದೆ ಸರೀಬೇಕು ಅನ್ನೋದು ಅಷ್ಟೊತ್ತಿಗೆ ಗೊತ್ತಿರಬೇಕಲ್ಲ.

ಇನ್ನು "ಇಬ್ರು ಹುಡುಗೀರು ರಾತ್ರಿ ಹೊರಗೆ ಮಲಗ್ತೀರಾ" ಅನ್ನೋ ಪ್ರಶ್ನೆ. ಇದು ಡಿಎಂನಲ್ಲಿ ಬರಲಿಲ್ಲ, ಮನೆಯಲ್ಲೇ ಬಂತು. ಹುಡುಗ ಆಗಿದ್ರೆ ಕೇಳ್ತಿರಲಿಲ್ಲ ಅಂತ ನನಗೆ ಕೋಪ ಬಂತು, ಈಗಲೂ ಪೂರ್ತಿ ಹೋಗಿಲ್ಲ. ಆದ್ರೂ ಪ್ರಶ್ನೆ ಸುಳ್ಳಲ್ಲ. ಕಣದಲ್ಲಿ ಟೆಂಟ್, ಹತ್ತು ಹೆಜ್ಜೆಗೆ ತಾತನ ಮನೆ ಬಾಗಿಲು, ಒಳಗೆ ಬಚ್ಚಲು. ಈ ಜಾಗ ಮಗುವಿಗೆ ಎಷ್ಟು ಬೇಕೋ ನಮಗೂ ಅಷ್ಟೇ ಬೇಕು. ಬಯಲಲ್ಲಿ ಮಲಗೋ ಪೋಸ್ಟ್ ಹಾಕೋ ಅಣ್ಣಂದಿರು ಟಾಯ್ಲೆಟ್ ಬಗ್ಗೆ ಒಂದು ಸಾಲೂ ಬರೆಯಲ್ಲ, ಗಮನಿಸಿ. ಅಮ್ಮ ಕೊನೆಗೆ ಒಪ್ಪಿದ್ದು ನನ್ನ ವಾದಕ್ಕಲ್ಲ, ಅಜ್ಜಿ ಫೋನ್ ಮಾಡಿ "ಕಳ್ಸೇ, ಮಕ್ಳು ಬಂದು ಎಷ್ಟು ದಿನ ಆಯ್ತು" ಅಂದಿದ್ದಕ್ಕೆ.

10/10

ಫೋಟೋ ಬಗ್ಗೆ. ಈ ಹತ್ತು ಪೋಸ್ಟಲ್ಲೂ ಹುಡುಗನ ಮುಖ ಇಲ್ಲ, ಹೆಸರಿಲ್ಲ, ತೋಟ ಇರೋ ಊರಿನ ಹೆಸರೂ ಇಲ್ಲ. ಬೇಕಂತಲೇ. ಹೋಗಿರೋ ದಿನ ಸ್ಟೋರಿ ಬರಲ್ಲ, ಲೊಕೇಶನ್ ಟ್ಯಾಗ್ ಹಾಕಲ್ಲ. ಮಗು ಈಗ ಎಲ್ಲಿ ಮಲಗಿದೆ ಅಂತ ಗೊತ್ತಿಲ್ಲದವರಿಗೆಲ್ಲ ಹೇಳೋದು ಯಾವ ಸುರಕ್ಷತೆ? ಒಂದು ಕಡೆ ಹೆಲ್ಮೆಟ್ ಹಾಕಿಸಿ ಇನ್ನೊಂದು ಕಡೆ ಲೈವ್ ಹೋಗೋರನ್ನ ಕಂಡ್ರೆ ನನಗೆ ಅರ್ಥ ಆಗಲ್ಲ. ಬಂದ ಮೇಲೆ ಅವನಿಗೆ ತೋರಿಸಿ, ಅವನು ಹೂಂ ಅಂದ ಫೋಟೋ ಮಾತ್ರ ಹಾಕ್ತೀನಿ. ಈ ಪೋಸ್ಟಲ್ಲಿರೋ ಇಟ್ಟಿಗೆ ಕಟ್ಟಿದ ಟೆಂಟಿನ ಫೋಟೋಗೂ ಅವನ ಅನುಮತಿ ಇದೆ. ಐದು ರೂಪಾಯಿ ಚಾಕೊಲೇಟ್ ತಗೊಂಡ.

ಇನ್ನೂ ಆಗಬೇಕಾದ ಕೆಲಸ ಎರಡಿವೆ. ಗುರುವಾರ ಸಂಜೆ ಸೈಕಲ್ ಶಾಪಿಗೆ ಹೋಗ್ತೀವಿ, ಪಂಚರ್ ಹಾಕೋದನ್ನ ಅವನೇ ಕೂತು ಕಲೀಬೇಕಂತೆ. ನೀರಿನ ಬಕೆಟ್ಟಲ್ಲಿ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕೋದು ಅವನ ಕೆಲಸ ಅಂತ ಬರೆದಾಗಿದೆ. ದಾರಿಯಲ್ಲಿ ಗಂಟೆ ನೋಡಿ ನೀರು ಕುಡಿಸೋದೂ ಅವನದೇ, ನಮ್ಮಿಬ್ಬರಿಗೂ ಸೇರಿಸಿ. ಎರಡನೇದು ಅವನ ಪಟ್ಟಿ. ಬ್ಯಾಟು, ಎರಡು ಬಾಲು, ಒಂದು ಭೂತಗನ್ನಡಿ, ಡೈನೋಸಾರ್, ಮತ್ತೆ 'ಅಮ್ಮನ ದುಪ್ಪಟ್ಟಾ'. ಬ್ಯಾಟ್ ತಾತನ ಮನೇಲೇ ಸಿಗುತ್ತೆ ಅಂತ ಒಪ್ಪಿಸಿದೀನಿ. ದುಪ್ಪಟ್ಟಾ ಬಗ್ಗೆ ನಾನೇನೂ ಕೇಳಲಿಲ್ಲ, ಮಡಚಿ ಕಂಬಳಿ ಜೊತೆ ಇಟ್ಟೆ.

ಮೈಸೂರು–ಶ್ರೀರಂಗಪಟ್ಟಣ ಕಡೆ ದಿನಾ ಸೈಕಲ್ಲಲ್ಲಿ ಓಡಾಡೋರು ಯಾರಾದ್ರೂ ಇದ್ರೆ ಒಂದು ಸಹಾಯ ಮಾಡಿ. ಭಾನುವಾರ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಟಿಪ್ಪರ್ ಲಾರಿ ಜಾಸ್ತಿ ಓಡಾಡೋ ಒಳರಸ್ತೆ ಯಾವುದು ಅಂತ ಕಾಮೆಂಟಲ್ಲಿ ಹೇಳಿ. ಶುಕ್ರವಾರ ರಾತ್ರಿವರೆಗೂ ದಾರಿ ಬದಲಾಯಿಸೋಕೆ ಟೈಮಿದೆ.